ಯಾರೂ ಏನೂ ಕೇಳದ ಬಡಾವಣೆ

ಮನೆ ಹುಡುಕುವವರಿಗೆ ನೀರು ಬರುತ್ತದೆಯೇ, ಬಸ್ಸು ಸಿಗುತ್ತದೆಯೇ, ಶಾಲೆ ಹತ್ತಿರವೇ ಎಂಬ ಚಿಂತೆಗಳಿರುತ್ತವೆ. ನಮಗೂ ಇದ್ದವು. ಆದರೆ ಅವೆಲ್ಲಕ್ಕಿಂತ ಮೊದಲು ನಮ್ಮನ್ನು ಕಾಡುತ್ತಿದ್ದದ್ದು ಬಾಗಿಲು ತೆರೆದವರು ಕೇಳುವ ಒಂದು ಪ್ರಶ್ನೆ. ಅದನ್ನು ಯಾರೂ ನೆಟ್ಟಗೆ ಕೇಳುವುದಿಲ್ಲ. "ನೀವು ಯಾವ ಕಡೆಯವರು?" ಎನ್ನುತ್ತಾರೆ. ಚಿಂತಾಮಣಿ ಕಡೆಯವರು ಎಂದರೆ, "ಅದಲ್ಲ, ನಿಮ್ಮೋರು ಯಾರು ಅಂತ" ಎಂದು ನಗುತ್ತಾರೆ. ಇನ್ನೂ ನಾಜೂಕಿನವರು ಮನೆದೇವರು ಯಾವುದೆಂದು ವಿಚಾರಿಸುತ್ತಾರೆ, ಭಾನುವಾರ ಅಡುಗೆ ಏನು ಮಾಡುತ್ತೀರೆಂದು ವಿಚಾರಿಸುತ್ತಾರೆ. ನಾವು ದಲಿತರು, ಮಾವನವರ ಕಾಲದಿಂದ ಬೌದ್ಧರು. ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ಆದರೆ ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಿಳಿಯದೆ ಇನ್ನೊಬ್ಬರ ಹೊಸ್ತಿಲಾಚೆ ನಿಂತು ಹೇಳಬೇಕಾಗಿ ಬಂದರೆ ಮೈ ಉರಿಯುತ್ತದೆ.

ಮದುವೆಯಾದ ಹೊಸದರಲ್ಲಿ ನನ್ನ ಗಂಡ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. ಹತ್ತಿರವಾಗಲೆಂದು ಗೌರಿಬಿದನೂರಿನಲ್ಲಿ ಮನೆ ನೋಡಿದೆವು. ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ರಟ್ಟು ತೂಗುತ್ತಿರುತ್ತಿತ್ತು. ನಾವು ಯಾರೆಂದು ತಿಳಿದ ಮರುಗಳಿಗೆಗೆ ಮಾಲೀಕರ ತಂಗಿಯ ಮಗನೊಬ್ಬ ಆ ಮನೆಗೆ ಬರುವವನಾಗಿಬಿಡುತ್ತಿದ್ದ. "ಏನೂ ತಿಳ್ಕೋಬೇಡಿ ಮೇಡಂ, ನೆನ್ನೆ ತಾನೆ ಫೋನ್ ಮಾಡಿದ್ದ." ಆ ವರ್ಷ ಯಾರ್ಯಾರ ತಂಗಿಯ ಮಕ್ಕಳೋ ಗೌರಿಬಿದನೂರಿಗೆ ಬಂದು ನೆಲೆಸುವವರಿದ್ದರು, ನಿಜವಾಗಿ ಬಂದಿದ್ದರೆ ಊರು ಸಾಲುತ್ತಿರಲಿಲ್ಲ. ಕೊನೆಗೆ ಕಾರ್ಖಾನೆಯ ಹುಡುಗರೇ ತುಂಬಿದ್ದ ಒಂದು ವಠಾರದಲ್ಲಿ ಜಾಗ ಸಿಕ್ಕಿತು. ಮಗಳು ಹುಟ್ಟಿದ ಮೇಲೆ ಅದನ್ನೂ ಬಿಟ್ಟು ಚಿಂತಾಮಣಿಗೆ, ಗಂಡನ ಮನೆಗೆ ಬಂದೆವು.

ಅಲ್ಲಿ ನಮ್ಮದೇ ಕಾಲೊನಿ. ಪಕ್ಕದ ರಸ್ತೆಯಲ್ಲಿ ಉರ್ದು, ನಮ್ಮ ಮನೆಗಳಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ಯಾರು ಯಾರೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಕೇಳುವ ಪ್ರಮೇಯವೇ ಇರಲಿಲ್ಲ. ನನ್ನ ತವರಿನಲ್ಲಿ ಅಚ್ಚ ಕನ್ನಡ. ತಂದೆ ಗುಮಾಸ್ತರಾಗಿದ್ದವರು, ಮನೆಯಲ್ಲಿ ತೆಲುಗು ಆಡಿದರೆ ಕಣ್ಣು ಬಿಡುತ್ತಿದ್ದರು. ಹೀಗಾಗಿ ನನ್ನ ತೆಲುಗು ಮದುವೆಯ ಜೊತೆ ಬಂದದ್ದು, ಅದೂ ಅತ್ತೆ ಕಲಿಸಿದಷ್ಟು. ಅವರು ಕಲಿಸಿದ ಮೊದಲ ಪಾಠಗಳಲ್ಲಿ ಒಂದು ಹೀಗಿತ್ತು: "ಯಾರಾದ್ರೂ 'ಏಮೋಳ್ಳು ಮೀರು' ಅಂದ್ರೆ ಹುಷಾರಾಗಿರಮ್ಮ. ಯಾವ ಜಾತಿಯೋರು ಅಂತ ಅರ್ಥ." ಅದಕ್ಕೆ ಮಾವನವರು ಒಂದು ಉತ್ತರ ಇಟ್ಟುಕೊಂಡಿದ್ದರಂತೆ. "ಮನುಷುಲಂ", ಅಂದರೆ ಮನುಷ್ಯರು, ಎಂದು ಹೇಳಿ ಮೀಸೆ ತಿರುವಿ ನಡೆದುಬಿಡುತ್ತಿದ್ದರಂತೆ. ನಾನು ಮಾವನವರನ್ನು ಕಂಡವಳಲ್ಲ. ಆದರೂ ಆ ಮಾತು ನನಗೆ ಒಡವೆಯ ಹಾಗೆ ಇಷ್ಟವಾಗಿತ್ತು. ಒಂದು ದಿನ ಹಾಕಿಕೊಂಡು ಮೆರೆಯಬೇಕು ಎಂದು ಕಾಯುತ್ತಿದ್ದೆ.

ಮಗಳಿಗೆ ಹತ್ತು ವರ್ಷವಾಗುವ ಹೊತ್ತಿಗೆ ಗಂಡ ಬೆಂಗಳೂರಿನ ಒಂದು ಕಚೇರಿಗೆ ಸೇರಿದರು. ನಾನು ಶಿಡ್ಲಘಟ್ಟದ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ಇಬ್ಬರಿಗೂ ನಡುವಿನ ಊರು ಚಿಕ್ಕಬಳ್ಳಾಪುರ. ಅವರು ರೈಲಿಗೋ ಬಸ್ಸಿಗೋ ಆ ಕಡೆ, ನಾನು ಈ ಕಡೆ. ಅತ್ತೆಯೂ ಬರುವುದೆಂದು ತೀರ್ಮಾನವಾಯಿತು. ಊರು ತೀರ್ಮಾನವಾದದ್ದು ಒಂದೇ ಸಂಜೆಯಲ್ಲಿ. ಬೀದಿ ಯಾವುದೆಂದು ತೀರ್ಮಾನವಾಗಲು ಒಂದು ಬೇಸಿಗೆಯೇ ಹಿಡಿಯಿತು. ನಾನು ಮನಸ್ಸಿನಲ್ಲೇ ಒಂದು ಹಟ ಹಿಡಿದಿದ್ದೆ. ನೀರು ಕಡಿಮೆ ಬಂದರೂ ಸರಿ, ಅಡುಗೆಮನೆ ಗೂಡಿನಂತಿದ್ದರೂ ಸರಿ, ನನ್ನ ಮಗಳ ಕಿವಿಗೆ ಆ ಪ್ರಶ್ನೆ ಬೀಳಬಾರದು. ಅವಳು ಅದನ್ನು ಕೇಳದೆಯೇ ದೊಡ್ಡವಳಾಗಬೇಕು.

ಹಳೆ ಊರಿನ ಒಂದು ಓಣಿಯಲ್ಲಿ ಕಂಡ ಮನೆ ನಮ್ಮೆಲ್ಲರಿಗೂ ಹಿಡಿಸಿತ್ತು. ಎರಡು ಕೋಣೆ, ಹಿಂದೆ ಬಟ್ಟೆ ಒಗೆಯಲು ಕಲ್ಲು, ಎದುರಿಗೆ ಹೂ ಕಟ್ಟುವವರ ಮನೆ. ಓಣಿಯ ತುಂಬ ಹೆಂಗಸರು ಬಾಗಿಲಲ್ಲೇ ಕೂತು ಒಬ್ಬರ ಮನೆಯ ಹುಳಿಯ ಬಗ್ಗೆ ಇನ್ನೊಬ್ಬರು ಅಭಿಪ್ರಾಯ ಹೇಳುತ್ತಿದ್ದರು. ಮಗಳು ಆಗಲೇ ಅಲ್ಲಿನ ಹುಡುಗಿಯರ ಕುಂಟೆಬಿಲ್ಲೆ ನೋಡುತ್ತ ನಿಂತಿದ್ದಳು. ಅತ್ತೆ ಹೊರಗೆ ತಳ್ಳುಗಾಡಿಯವಳ ಜೊತೆ ಬೀನ್ಸ್ ಚೌಕಾಶಿಗೆ ಇಳಿದಿದ್ದರು, ತಮ್ಮ ಗಡಿ ಸೀಮೆಯ ತೆಲುಗಿನಲ್ಲಿ, ಓಣಿಗೆಲ್ಲ ಕೇಳುವಂತೆ. ಗಂಡ ಛಾವಣಿಯ ಟ್ಯಾಂಕು ನೋಡಲು ಮೇಲೆ ಹೋಗಿದ್ದರು. ನಾನು ನಡುಮನೆಯಲ್ಲಿ ನಿಂತು, ಮಾವನವರು ಪೂಜ್ಯಭಾವದಿಂದ ಕಾಣುತ್ತಿದ್ದ ನೀಲಿ ಕೋಟಿನವರ ಪಟವನ್ನು ಯಾವ ಗೋಡೆಗೆ ಹಾಕಲಿ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟು ಇಷ್ಟವಾಗಿತ್ತು.

ಆಗ ಮನೆಯ ಒಡತಿ ಬಂದರು. ಅತ್ತೆಯ ವಯಸ್ಸಿನವರು, ಹಲ್ಲು ಹೋಗಿತ್ತು, ಬಾಯಲ್ಲಿ ಎಲೆ ಅಡಿಕೆ. ಬೀದಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ಬಾಯಿ ತುಂಬಿದ್ದಂತೆಯೇ ತೆಲುಗಿನಲ್ಲಿ ಕೇಳಿದರು:

"ಏಮೋಳ್ಳಮ್ಮಾ ಮೀರು?"

ನನ್ನ ಕಿವಿಗೆ ಬಿದ್ದದ್ದು ಹಾಗೆ. ಗೌರಿಬಿದನೂರಿನ ಗೇಟುಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವರು ಕೇಳಿದ ದನಿಯಲ್ಲಿ ನಾಜೂಕೂ ಇರಲಿಲ್ಲ, ಅಳುಕೂ ಇರಲಿಲ್ಲ; ಕಾಫಿ ಕುಡಿಯುತ್ತೀರಾ ಎಂದು ಕೇಳಿದಂತಿತ್ತು. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಇಷ್ಟು ದಿನ ಕಾಯ್ದಿಟ್ಟ ಒಡವೆಯನ್ನು ಹೊರಗೆ ತೆಗೆದೆ.

"ಮನುಷುಲಮಮ್ಮಾ" ಎಂದೆ. ಮನುಷ್ಯರಮ್ಮಾ.

ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆ ನೋಟವನ್ನು ನಾನು ಸೋಲು ಎಂದುಕೊಂಡೆ. ಮಗಳನ್ನು ಕರೆದುಕೊಂಡು, ಛಾವಣಿಯಿಂದ ಗಂಡನನ್ನು ಇಳಿಸಿಕೊಂಡು, ಬೀನ್ಸ್ ತೂಗಿಸುತ್ತಿದ್ದ ಅತ್ತೆಯನ್ನು ಎಬ್ಬಿಸಿಕೊಂಡು ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ನಡೆದದ್ದನ್ನು ಹೇಳಿದೆ. ಗಂಡ, "ಮನೆ ಚೆನ್ನಾಗಿತ್ತು ಕಣೇ" ಎಂದಷ್ಟೇ ಹೇಳಿ ಕಿಟಕಿಯಾಚೆ ನೋಡಿದರು. ಅತ್ತೆಗೆ ಮಾತ್ರ ಖುಷಿಯೋ ಖುಷಿ. "ನಿಮ್ಮ ಮಾವ ಇದ್ದಿದ್ರೆ ನಿಂಗೆ ಒಂದು ಸೀರೆ ತಂದ್ಕೊಡ್ತಿದ್ರು" ಎಂದರು. ಆ ಕಥೆಯನ್ನು ಮುಂದೆ ಯಾವ ಮದುವೆಗೆ ಹೋದರೂ ಅವರೇ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ಸಂಕೋಚ ನಟಿಸುತ್ತ ಕೂತಿರುತ್ತಿದ್ದೆ.

ಆಮೇಲೆ ಬ್ರೋಕರ್ ಒಬ್ಬ ಸಿಕ್ಕಿದ. ಹೆದ್ದಾರಿಯ ಕಡೆಗಿದ್ದ ಹೊಸ ಬಡಾವಣೆಗೆ ಕರೆದುಕೊಂಡು ಹೋದ. ಅಗಲವಾದ ರಸ್ತೆ, ಒಂದು ಮನೆ ಬಿಟ್ಟು ಒಂದು ಖಾಲಿ ಸೈಟು, ಎಲ್ಲ ಮನೆಗೂ ಆಳೆತ್ತರದ ಕಾಂಪೌಂಡು. ದೂರದಲ್ಲಿ ಕಳವಾರದ ಹಿಂದಿನ ಬೆಟ್ಟ ಕಾಣುತ್ತಿತ್ತು. "ಓನರ್ ಬೆಂಗಳೂರಲ್ಲಿರ್ತಾರೆ ಮೇಡಂ. ಎಲ್ಲ ಫೋನಲ್ಲೇ. ಇಲ್ಲಿ ಯಾರೂ ಯಾರನ್ನೂ ಏನೂ ಕೇಳಲ್ಲ, ಫುಲ್ ಡೀಸೆಂಟ್ ಏರಿಯಾ" ಎಂದ. ಯಾರೂ ಏನೂ ಕೇಳಲ್ಲ ಎಂಬ ಮಾತು ಕೇಳಿ ನನಗೆ ಬಾಯಾರಿದಾಗ ನೀರು ಸಿಕ್ಕಂತಾಯಿತು. ಅಡುಗೆಮನೆ ನೋಡುವ ಮೊದಲೇ ಒಪ್ಪಿಕೊಂಡೆ.

ಬ್ರೋಕರ್ ಸುಳ್ಳು ಹೇಳಿರಲಿಲ್ಲ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ನಾವು ಹಾಲು ಉಕ್ಕಿಸಿದ ದಿನ ಯಾರೂ ಬಂದು ಎಲ್ಲಿಂದ ಬಂದಿರೆಂದು ಕೇಳಲಿಲ್ಲ. ಅತ್ತೆಗೆ ಜ್ವರ ಬಂದು ಮನೆ ಮುಂದೆ ಆಟೋ ನಿಂತಾಗ ಯಾರಿಗೇನಾಯಿತು ಎಂದು ಕೇಳಲಿಲ್ಲ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಟ್ಯಾಂಕರ್ ಬಗ್ಗೆ, ಬೀದಿನಾಯಿಗಳ ಬಗ್ಗೆ ದಿನವೂ ಗಲಾಟೆ. ಗೇಟಿನಲ್ಲಿ ಎದುರಾದರೆ ತುಟಿ ಒಂದಿಷ್ಟು ಅಗಲಿಸಿ ಕಾರು ಹತ್ತುವುದು. ಅತ್ತೆ ಮೊದಲ ಕೆಲವು ತಿಂಗಳು ಸಂಜೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತರು. ಆಮೇಲೆ ಕುರ್ಚಿಯನ್ನು ಟಿ.ವಿ. ಮುಂದಕ್ಕೆ ತಂದುಕೊಂಡರು. "ಇಲ್ಲಿರೋರಿಗೆ ಬಾಯಿ ಇಲ್ವೇನಮ್ಮ?" ಎಂದು ಒಂದು ಸಲ ಕೇಳಿದರು. "ಡೀಸೆಂಟ್ ಜನ ಅತ್ತೆ" ಎಂದು ಅವರನ್ನು ಗೇಲಿ ಮಾಡಿದೆ.

ಮಗಳ ಹುಟ್ಟುಹಬ್ಬಕ್ಕೆ ಒಂದು ವರ್ಷ ಅಕ್ಕಪಕ್ಕದ ಮಕ್ಕಳನ್ನು ಕರೆದೆವು. ಒಬ್ಬರಿಗೆ ಟ್ಯೂಷನ್, ಒಬ್ಬರು ಊರಿಗೆ, ಒಬ್ಬರಿಗೆ ಹೊಟ್ಟೆನೋವು. ಎಲ್ಲರೂ ಕೇಕಿನ ಚಿತ್ರವಿರುವ ಶುಭಾಶಯ ಕಳಿಸಿದರು. ಅದು ನಿಜವಾದ ಹೊಟ್ಟೆನೋವೋ, ಗೌರಿಬಿದನೂರಿನ ತಂಗಿಯ ಮಗನಂಥದ್ದೋ, ಇವತ್ತಿಗೂ ನನಗೆ ತಿಳಿಯದು. ಕೇಳಿದ್ದರೆ ಉತ್ತರ ಕೊಡಬಹುದಿತ್ತು, ಬೇಕಾದರೆ ಜಗಳವಾಡಬಹುದಿತ್ತು. ಸುಮ್ಮನಿರುವವರ ಜೊತೆ ಏನೆಂದು ಜಗಳವಾಡುವುದು?

ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿನಲ್ಲಿ ನಡೆಯುತ್ತಿದ್ದ ಕಾಲಕ್ಕೆ ಮಗಳಿಗೆ ನಡುಮನೆಯಲ್ಲಿ ಮೇಜು ಹಾಕಿಕೊಟ್ಟಿದ್ದೆ. ಗಾಳಿ ಬೆಳಕು ಅಲ್ಲೇ ಚೆನ್ನಾಗಿತ್ತು. ಒಂದು ವಾರದಲ್ಲಿ ಅವಳು ಮೇಜನ್ನು ತಾನೇ ಎಳೆದುಕೊಂಡು ಅಡುಗೆಮನೆಯ ಪಕ್ಕದ ಕತ್ತಲೆ ಮೂಲೆಗೆ ಹೋದಳು, ಬೀರುವಿಗೆ ಬೆನ್ನು ಮಾಡಿ. ನಡುಮನೆಯಲ್ಲಿ ಕೂತರೆ ಫೋನಿನ ಕ್ಯಾಮೆರಾದಲ್ಲಿ ಅವಳ ಬೆನ್ನ ಹಿಂದೆ ನೀಲಿ ಕೋಟಿನವರ ಪಟ ಕಾಣುತ್ತಿತ್ತು. ಅದಕ್ಕೇ ಹೋದಳೆಂದು ನನಗೆ ಹೊಳೆಯಿತು. ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯೊಳಗೂ ಯಾರೂ ಯಾರನ್ನೂ ಏನೂ ಕೇಳದ ಪದ್ಧತಿ ಬಂದುಬಿಟ್ಟಿತ್ತು. ಅವಳಿಗೆ ಆ ಪ್ರಶ್ನೆಯನ್ನು ಯಾರೂ ಹಾಕಿರಲಿಲ್ಲ, ನನ್ನ ಹಟ ಗೆದ್ದಿತ್ತು. ಆದರೂ ಅವಳು ಮೂಲೆಗೆ ಸರಿದಿದ್ದಳು.

ಆಮೇಲೆ ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಅತ್ತೆ ಕಣ್ಣು ತೋರಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದರು. ಗಂಡ ಅವರನ್ನು ಅಲ್ಲಿ ಬಿಟ್ಟು ಬಂದಿದ್ದರು, ನಾನು ಶಾಲೆ ಮುಗಿಸಿ ಕರೆದುಕೊಂಡು ಬಂದೆ. ಆಟೋದಲ್ಲಿ ಅವರ ಮುಖದಲ್ಲಿ ಬಹಳ ದಿನಗಳಿಂದ ಕಾಣದ ಕಳೆ ಇತ್ತು. ಬೆಂಚಿನ ಮೇಲೆ ಪಕ್ಕದಲ್ಲೇ ತಮ್ಮ ತವರಿನ ಕಡೆಯ ಹೆಂಗಸೊಬ್ಬರು ಸಿಕ್ಕಿದರಂತೆ. ಚಿಂತಾಮಣಿಯಿಂದ ಗಡಿ ಕಡೆಗೆ ಹೋದರೆ ಅತ್ತೆಯ ಊರು, ಅದರ ಕೆರೆ ಕಟ್ಟೆಯಾಚೆ ಆಯಮ್ಮನ ಊರು. ಹುಡುಗಿಯರಾಗಿದ್ದಾಗ ಒಂದೇ ಕೆರೆಯಲ್ಲಿ ಈಜಿದವರಂತೆ, ಬೇರೆ ಬೇರೆ ದಡದಲ್ಲಿ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಇಬ್ಬರೂ ಕಣ್ಣು ಮುಚ್ಚಿಯೇ ಹೊತ್ತು ಹೋದದ್ದು ತಿಳಿಯದಂತೆ ಮಾತಾಡಿದ್ದಾರೆ.

"ಆಯಮ್ಮ ಒಂದು ತಮಾಷೆ ಹೇಳಿದ್ಲು" ಎಂದು ಅತ್ತೆ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಬಲವಂತ ಮಾಡಿದ ಮೇಲೆ ಹೇಳಿದರು. "ಹಿಂದೆ ಯಾವಾಗ್ಲೋ ಅವರ ಮನೆ ನೋಡೋಕೆ ಒಬ್ಳು ಮೇಷ್ಟ್ರಮ್ಮ ಬಂದಿದ್ಲಂತೆ. ಹೊರಗಡೆ ಯಾರೋ ತರಕಾರಿ ಚೌಕಾಶಿ ಮಾಡ್ತಿದ್ದ ಮಾತು ಕೇಳಿದ್ರೆ ತನ್ನ ತವರಿನ ಮಾತಿನ ಹಂಗೇ ಇತ್ತಂತೆ. ಅದಕ್ಕೆ ಆಯಮ್ಮ ಆಸೆಪಟ್ಟು 'ಏ ಊರೋಳ್ಳಮ್ಮಾ ಮೀರು' ಅಂತ ಕೇಳಿದ್ಲಂತೆ. ಯಾವ ಊರಿನೋರು ಅಂತ. ಅದಕ್ಕೆ ಆ ಮೇಷ್ಟ್ರಮ್ಮ 'ಮನುಷ್ಯರು' ಅಂದ್ಬಿಟ್ಟು ಎದ್ದು ಹೋದ್ಲಂತೆ. ನಾನೇನು ಎಮ್ಮೆನಾ ಹಸುನಾ ಅಂತ ಕೇಳಿದ್ನಾ ಅಂತ ಆಯಮ್ಮ ಇವತ್ತಿಗೂ ನಗ್ತಾಳೆ."

ಏ ಊರೋಳ್ಳು. ಏಮೋಳ್ಳು. ಹಲ್ಲಿಲ್ಲದ ಬಾಯಿ, ತುಂಬ ಎಲೆ ಅಡಿಕೆ, ಮದುವೆಯ ಜೊತೆ ಬಂದ ನನ್ನ ತೆಲುಗು. ನಡುವೆ ಒಂದು ಅಕ್ಷರ ನುಂಗಿಹೋಗಿತ್ತು. ಊರು ಕೇಳಿದವರಿಗೆ ನಾನು ಮನುಷ್ಯರು ಎಂದು ಹೇಳಿ, ಗೆದ್ದೆನೆಂದು ಎಷ್ಟೋ ಮದುವೆ ಊಟಗಳಲ್ಲಿ ಬೀಗಿದ್ದೆ. ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಆದರೆ ಆ ಕ್ಷಣ ನನ್ನ ಬಾಯಿಂದ ಹೊರಟ ಮಾತು ಅದಕ್ಕಿಂತ ನಾಚಿಕೆಗೇಡಿನದು.

"ಅವರು ಯಾವ ಜನ ಅತ್ತೆ?" ಎಂದು ಕೇಳಿಬಿಟ್ಟೆ.

ಅತ್ತೆ ಔಷಧಿಯಿಂದ ನೀರಾಡುತ್ತಿದ್ದ ಕಣ್ಣುಗಳನ್ನು ಅರೆ ತೆರೆದು ನನ್ನನ್ನು ನೋಡಿದರು. "ನಾನ್ಯಾಕೆ ಕೇಳ್ಲಿ?" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಆಯಮ್ಮನೂ ಕೇಳ್ಲಿಲ್ಲ" ಎಂದರು.

"ಅದು ನಾವೇ ಅಂತ ಹೇಳಿದ್ರಾ?"

"ಹೆಂಗೆ ಹೇಳ್ಲಿ? ನಿನ್ನ ಮಾನ ಕಳೀಲಾ?" ಎಂದು ನಕ್ಕರು. ಆಮೇಲೆ ಅವರ ನಗು ನಿಂತಿತು. "ಆ ಓಣೀಲಿದ್ದಿದ್ರೆ ನಂಗೆ ಮಾತಿಗೆ ಒಬ್ರು ಇರ್ತಿದ್ರು" ಎಂದರು. ಅವರು ನನ್ನನ್ನು ದೂರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಕಥೆಯನ್ನು ಅವರು ಮತ್ತೆ ಯಾವ ಮದುವೆಯಲ್ಲೂ ಹೇಳಲಿಲ್ಲ.

ಸಮಾಧಾನಕ್ಕೆಂದು ನಾನು ಬೇಕಾದಷ್ಟು ವಾದ ಹೂಡಿಕೊಂಡಿದ್ದೇನೆ. ಊರು ಕೇಳಿದ ಮೇಲೆ ಮುಂದಿನ ಪ್ರಶ್ನೆ ಅದೇ ಆಗಿರುತ್ತಿತ್ತೋ ಏನೋ. ಊರಿನಲ್ಲಿ ಯಾವ ಬೀದಿ ಎಂದು ಕೇಳಿ, ಬೀದಿ ತಿಳಿದ ಮೇಲೆ ಮನೆ ಇಲ್ಲವೆನ್ನುತ್ತಿದ್ದರೋ ಏನೋ. ಹಾಗೆ ನಡೆದದ್ದನ್ನು ನಾನೇ ಕಂಡಿದ್ದೇನೆ. ನನ್ನ ಕಿವಿಗಳು ಸುಮ್ಮನೆ ಹಾಗಾದವಲ್ಲ. ಆದರೆ ವಾದವೆಲ್ಲ ಮುಗಿದ ಮೇಲೂ ಒಂದು ಮಾತು ಉಳಿಯುತ್ತದೆ. ಅವರು ಇಲ್ಲವೆನ್ನಲಿಲ್ಲ. ಇಲ್ಲವೆಂದು ಎದ್ದು ಬಂದವಳು ನಾನು. ಒಂದು ಸಲ ಧೈರ್ಯ ಮಾಡಿ ಆ ಓಣಿಗೆ ಹೋದೆ. ಮನೆಯಲ್ಲಿ ಬೇರೆ ಯಾರೋ ಬಾಡಿಗೆಗಿದ್ದರು, ಒಡತಿ ಮಗಳ ಮನೆಗೆ ಹೋಗಿದ್ದಾರೆ, ಬರುವುದು ಯಾವಾಗಲೋ ಗೊತ್ತಿಲ್ಲ ಎಂದರು. ಬಾಗಿಲಲ್ಲಿ ಕೂತಿದ್ದ ಹೆಂಗಸರು ನನ್ನನ್ನು ಹೂ ಕೊಳ್ಳಲು ಬಂದವಳೆಂದುಕೊಂಡರು. ಒಂದು ಮೊಳ ಕೊಂಡು ವಾಪಸ್ಸು ಬಂದೆ.

ಈ ವರ್ಷ ಮಗಳು ಬೆಂಗಳೂರಿನ ಕಾಲೇಜಿಗೆ ಸೇರಿದಳು. ದಿನಾ ಓಡಾಡುವುದು ಕಷ್ಟ, ಅಲ್ಲೇ ಇರಬೇಕು ಎಂದಳು. ಇಬ್ಬರೇ ಹೋಗಿ ಜಾಗ ಹುಡುಕಿದೆವು. ಮೊದಲು ನೋಡಿದ್ದು ಒಂದು ಮನೆಯ ಮಹಡಿಯ ಕೋಣೆ. ಕೆಳಗೆ ಒಡತಿ ಮೊರದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು. "ಬನ್ನಿ ಬನ್ನಿ, ಬಿಸಿಲಲ್ಲಿ ಬಂದಿದೀರ" ಎಂದು ಜಾಗ ಮಾಡಿಕೊಟ್ಟರು. "ಯಾವ ಕಡೆಯವರು ನೀವು?"

"ಈಗ ಚಿಕ್ಕಬಳ್ಳಾಪುರ. ಅದಕ್ಕೂ ಮುಂಚೆ ಚಿಂತಾಮಣಿ" ಎಂದೆ. 'ಅದಲ್ಲ' ಎಂಬ ಮಾತಿಗೆ ಕಾಯುತ್ತ ನಿಂತೆ.

"ಚಿಂತಾಮಣೀನಾ! ನಮ್ಮ ನಾದಿನೀನ ಅಲ್ಲಿಗೇ ಕೊಟ್ಟಿರೋದು. ಕೂತ್ಕೊಳ್ಳಿ, ಮಜ್ಜಿಗೆ ತರ್ತೀನಿ" ಎಂದು ಅವರು ಮೊರ ಕೆಳಗಿಟ್ಟು ಒಳಗೆ ಹೋದರು. ನನಗೆ ಎದೆ ಹಗುರವಾಯಿತು. ಇದೇ ಮನೆ ಎಂದು ಹೇಳಲು ತಿರುಗಿದರೆ ಮಗಳು ಆಗಲೇ ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಿದ್ದಳು. ಮಜ್ಜಿಗೆ ಬರುವವರೆಗೂ ನಿಲ್ಲಲಿಲ್ಲ. ಒಳಗಿದ್ದವರಿಗೆ ಕೇಳುವಂತೆ ಬಸ್ಸಿಗೆ ಹೊತ್ತಾಯಿತೆಂದು ಕೂಗಿ ಹೇಳಿ ನಾನೂ ಅವಳ ಹಿಂದೆ ಬಂದೆ.

ಅವಳು ಒಪ್ಪಿದ್ದು ಎರಡು ರಸ್ತೆ ಆಚೆಯ ಒಂದು ಪಿ.ಜಿ.ಯನ್ನು. ಬಾಗಿಲಿಗೆ ನಂಬರ್ ಒತ್ತುವ ಬೀಗ, ಉದ್ದನೆಯ ಮೊಗಸಾಲೆ, ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಇಸ್ತ್ರಿ ಶರ್ಟಿನ ಮ್ಯಾನೇಜರ್ ಆಧಾರ್ ಕಾರ್ಡಿನ ಫೋಟೊ ತೆಗೆದುಕೊಂಡ, ಮುಖ ಎತ್ತಿ ನಮ್ಮನ್ನು ನೋಡಲೂ ಇಲ್ಲ.

ಕೋಣೆಯಲ್ಲಿ ಇಬ್ಬರೇ ಆದಾಗ ನಾನು ತಡೆಯಲಾರದೆ, "ಆ ಮನೇಗೇನಾಗಿತ್ತು? ಆಯಮ್ಮ ಎಷ್ಟು ಪ್ರೀತಿಯಿಂದ ಮಾತಾಡಿಸಿದ್ರು" ಎಂದೆ.

"ತುಂಬಾ ಕೇಳ್ತಾರಮ್ಮ ಅವರು."

"ಅವರು ಕೇಳಿದ್ದು ಬರೀ ಊರು ಕಣೇ."

"ಗೊತ್ತು, ಊರೇ ಕೇಳಿದ್ದು" ಎಂದು ಅವಳು ಚೀಲದ ಜಿಪ್ಪು ಎಳೆಯುತ್ತ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವರು ಕೇಳಿದ ತಕ್ಷಣ ನೀನು ನನ್ನ ಕೈ ಹೆಂಗೆ ಹಿಡ್ಕೊಂಡೆ ಅಂತ ನಿಂಗೆ ಗೊತ್ತಾ? ನಾನು ಚಿಕ್ಕೋಳಿದ್ದಾಗಿಂದ ಹಂಗೇ ಹಿಡ್ಕೋತೀಯ, ಯಾರಾದ್ರೂ ಏನಾದ್ರೂ ಕೇಳಿದ್ರೆ ಸಾಕು. ನೋಯುತ್ತೆ ಅಮ್ಮ."

ಅವಳ ಹಾಸಿಗೆಗೆ ಮನೆಯಿಂದ ತಂದಿದ್ದ ಹೊದಿಕೆ ಹಾಸಿದೆ.